ಹೆದರಿದರೆ ಸಾಕು

ಜನವರಿ 20, ಸೋಮವಾರ. ಮೋಟೆಬೆನ್ನೂರು

ಸಿಟ್ಟು ಮಾಡಿಕೊಂಡು ತವರಿಗೆ ಬಂದಿದ್ದೇನೆ. ನಾಲ್ಕು ವರ್ಷದ ಸಂಸಾರದಲ್ಲಿ ಇದು ಎಷ್ಟನೆಯ ಸಲ ಎಂಬ ಲೆಕ್ಕ ಬಿಟ್ಟುಹೋಗಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲಂತೂ ಸಿಟ್ಟು ಮಾಡಿಕೊಳ್ಳುವುದಕ್ಕೆ ಖರ್ಚೇ ಇಲ್ಲ. ಬ್ಯಾಡಗಿಯ ಕಂಡಕ್ಟರ್ ನನ್ನ ಮುಖ ನೋಡಿಯೇ ಮೋಟೆಬೆನ್ನೂರಿನ ಟಿಕೆಟ್ ಕೊಡುತ್ತಾನೆ.

ಅಮ್ಮ ಬಾಗಿಲಲ್ಲೇ ಕೇಳಿದಳು, "ಈ ಸಲ ಎಷ್ಟ ದಿನದ್ದು?" ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಇನ್ನೊಂದು ಹಿಡಿ ಅಕ್ಕಿ ಹಾಕಿದಳು. ಜುಬೇದಾಬಿಯ ಮಗಳು ಬಂದಳೆಂದು ಓಣಿಗೆಲ್ಲ ಗೊತ್ತಾಗಲು ಅಷ್ಟು ಹೊತ್ತೇ ಸಾಕಾಯಿತು.

ಆದದ್ದು ಇಷ್ಟು. ಬೆಳಿಗ್ಗೆ ಗಿರಣಿ ತೆಗೆಯಲು ಹೋದರೆ ಮೇಲೆ ಹೊಸ ಬೋರ್ಡು. "ಅಯಾಜ್ ಖಾರದ ಗಿರಣಿ." ಎರಡೂ ಬದಿಗೆ ಒಂದೊಂದು ಕೆಂಪು ಮೆಣಸಿನಕಾಯಿಯ ಚಿತ್ರ. ಅಯಾಜ್ ನನ್ನ ಮೈದುನ. ಖಾರ ಕುಟ್ಟುವುದಿರಲಿ, ಗಿರಣಿಯ ಓಣಿಯಲ್ಲಿ ಹಾದುಹೋದರೂ ಸೀನುತ್ತಾ ಮನೆ ಸೇರುವ ಪ್ರಾಣಿ. ಅವನಿಗೆ ರಾಣೇಬೆನ್ನೂರಿನ ಹುಡುಗಿಯನ್ನು ನೋಡಿದ್ದಾರೆ. ಹುಡುಗನಿಗೆ ಏನಿದೆ ಎಂದು ಅವರು ಕೇಳಿದರಂತೆ. ಗಿರಣಿ ಇದೆ ಎಂದು ಇವರು ಹೇಳಿದರಂತೆ.

ಆ ಗಿರಣಿ ನನ್ನದು. ಅಬ್ಬಾ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ನನ್ನ ಮದುವೆಗೆ ಬಂಗಾರದ ಬದಲು ಗಿರಣಿ ಕೊಟ್ಟರು. "ಬಂಗಾರ ಕೊಟ್ರ ಪೆಟ್ಟಿಗ್ಯಾಗ ಕುಂತಿರತೈತಿ, ಯಾವಾಗ ಹೋತು ಅನ್ನೂದೂ ಗೊತ್ತಾಗೂದಿಲ್ಲ. ಗಿರಣಿ ಆದ್ರ ಗುಡುಗುಡು ಅಂತೈತಿ ಬೇಟಾ, ನಿಂತ್ರ ಊರಿಗೇ ತಿಳೀತೈತಿ" ಎಂದಿದ್ದರು. ಮರುವರ್ಷ ಹೋಗಿಬಿಟ್ಟರು.

ನಮ್ಮವರನ್ನು ಕೇಳಿದೆ. ನಕ್ಕರು. "ಬೋರ್ಡ್ ಅಷ್ಟ ಬದಲಾಗೇತಿ, ಗಿರಣಿ ಎಲ್ಲಿ ಹೋಗೇತಿ? ಮನ್ಯಾಗಿಂದು ಮನ್ಯಾಗ." ನನ್ನ ಹೊಲಿಗೆ ಮಷೀನು ನಾದಿನಿಯ ಮನೆಗೆ ಹೋದಾಗಲೂ ಇದೇ ಮಾತು. ನನ್ನ ಮದುವೆಯ ಮಂಚ ಮಾವನ ತಂಗಿಯ ಮನೆ ಸೇರಿದಾಗಲೂ ಇದೇ. ಅವರಿಗೆ ಮನೆ ಎಂದರೆ ಇಡೀ ಹಾವೇರಿ ಜಿಲ್ಲೆ.

ಗಿರಣಿಯ ಕೀಲಿಯನ್ನು ಅವರ ಮುಂದೆ ಟಣ್ ಎಂದು ಒಗೆದು ಬಂದೆ. ಈ ಸಲ ವಕೀಲರನ್ನು ನೋಡುವುದೇ ಸೈ. ಡೈವೋರ್ಸ್ ಬೇಕೆಂದಲ್ಲ. ಒಂದು ನೋಟೀಸು ಹೋಗಲಿ, ಹೆದರಿದರೆ ಸಾಕು.

ಜನವರಿ 23, ಗುರುವಾರ

ನಮ್ಮವರು ಬಂದಿದ್ದರು. ಮೂರನೆಯ ಸಂಜೆ, ಬೈಕು, ಒಂದು ಕಿಲೋ ಜಿಲೇಬಿ. ಈ ಪದ್ಧತಿ ಒಂದು ಸಲವೂ ತಪ್ಪಿಲ್ಲ. ಚಹಾ ಕುಡಿದು ಎದ್ದು ನಿಂತರು, "ನಡಿ ಮತ್ತ, ಕತ್ಲಾಗತೈತಿ."

"ಬೋರ್ಡು?" ಎಂದೆ.

"ಅಯಾಜನ ಮದುವಿ ಆಗೂತನಾ ಇರ್ಲಿ ಬಿಡು. ಆಮ್ಯಾಲೆ ನೋಡೂಣಂತ."

ನಾನು ಏಳಲಿಲ್ಲ. ಅವರು ಜಿಲೇಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಹಿಂದೆಂದೂ ಹೀಗಾಗಿರಲಿಲ್ಲ, ಮುಂದೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಅಮ್ಮನಿಗೆ ಸಲಾಮ್ ಹೇಳಿ ಒಬ್ಬರೇ ಹೋದರು. ನಮ್ಮವರು ಅಪ್ಪಟ ಬ್ಯಾಡಗಿ ಮೆಣಸಿನಕಾಯಿ. ಬಣ್ಣ ನೋಡಿದರೆ ಕಣ್ಣು ಕುಕ್ಕುತ್ತದೆ, ಖಾರ ಇಲ್ಲ. ಅದಕ್ಕೇ ಅವರ ಮೇಲೆ ಸಿಟ್ಟು ಮಾಡುವುದು ಕಷ್ಟ.

ಜಿಲೇಬಿ ಅರ್ಧ ನಾನೇ ತಿಂದೆ. ಸಿಟ್ಟಿಗೂ ಜಿಲೇಬಿಗೂ ಸಂಬಂಧ ಇಲ್ಲ.

ಜನವರಿ 29, ಬುಧವಾರ

ನನ್ನ ಗಿರಣಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೊನ್ನವ್ವ ಫೋನಿನಲ್ಲೇ ನನಗೆ ಕಾನೂನು ಕಲಿಸಿದಳು. "ವಕೀಲರ್ನ ಹಿಡಿಯೂ ಮುಂದ ಕೋಟು ನೋಡ್ರಿ ಅಕ್ಕಾರ. ಕರಿ ಕೋಟು ಬೂದಿ ಬಣ್ಣಕ್ಕ ತಿರುಗಿರಬೇಕು, ಅಂತಾವ್ರಿಗೆ ಅನುಭವ ಜಾಸ್ತಿ. ಮತ್ತ ಜಡ್ಜ್ ಮುಂದ ಅತ್ತುಬಿಡ್ರಿ. ಅತ್ರ ಅರ್ಧಾ ಕೇಸು ಗೆದ್ದಂಗ."

ಹಾಗಾಗಿ ಬ್ಯಾಡಗಿಯಲ್ಲೇ ಅತಿ ಮಾಸಿದ ಕೋಟಿನ ರುದ್ರಮುನಿ ವಕೀಲರ ಮನೆಗೆ ಹೋದೆ. ಬರಿಗೈಲಿ ಹೋಗಬಾರದೆಂದು, ಅಮ್ಮನಿಗೆ ನಾನೇ ಕೊಟ್ಟಿದ್ದ ಖಾರದಪುಡಿಯಲ್ಲಿ ಒಂದು ಪೊಟ್ಟಣ ಕಟ್ಟಿಕೊಂಡಿದ್ದೆ.

ವಕೀಲರು ಕಣ್ಣು ಮುಚ್ಚಿ ಎಲ್ಲಾ ಕೇಳಿದರು. ಎಷ್ಟು ಗಮನವಿಟ್ಟು ಕೇಳುತ್ತಿದ್ದಾರೆ ಎಂದು ನನಗೆ ಗೌರವ ಬಂತು. ಆಮೇಲೆ ಕಣ್ಣು ತೆರೆದು ಫೋನ್ ತೆಗೆದುಕೊಂಡರು. "ಹನೀಫ್ ಸಾಹೇಬ್ರ, ನಿಮ್ಮ ಸೊಸಿ ಇಲ್ಲೇ ನಮ್ಮನ್ಯಾಗ ಅದಾಳ. ಗಾಬರಿ ಆಗಬ್ಯಾಡ್ರಿ, ನಾ ತಿಳಿಸಿ ಹೇಳ್ತೀನಿ." ಮಹಮ್ಮದ್ ಹನೀಫ್ ಎಂದರೆ ನನ್ನ ಮಾವ. ಇಬ್ಬರೂ ದಿನಾ ಬೆಳಿಗ್ಗೆ ಕೂಡಿ ವಾಕಿಂಗ್ ಹೋಗುತ್ತಾರಂತೆ. ಕೋಟು ನೋಡಿದ್ದೆ, ಬೂಟು ನೋಡಿರಲಿಲ್ಲ.

"ಗಂಡ ಹೆಂಡ್ತಿ ಜಗಳ ಉಂಡು ಮಲಗೂತನಾ ಅಂತಾರವ್ವ" ಎಂದರು.

"ಉಂಡೂ ಆತು, ಮಲಗೂದೂ ಆತ್ರಿ. ಜಗಳ ಅಲ್ಲೇ ಐತಿ" ಎಂದು ಎದ್ದು ಬಂದೆ.

ಫೆಬ್ರವರಿ 1, ಶನಿವಾರ

ರುದ್ರಮುನಿ ವಕೀಲರ ಮನೆಯಾಕೆ ಫೋನ್ ಮಾಡಿದ್ದರು. ರಾಜಿ ಮಾಡಿಸಲು ಇರಬೇಕೆಂದುಕೊಂಡೆ. "ನಿನ್ನ ಖಾರ ಹಾಕಿ ಬದನಿಕಾಯಿ ಪಲ್ಯ ಮಾಡಿದ್ದೆ ನೋಡವ್ವ. ಇವ್ರು ಎರಡು ರೊಟ್ಟಿ ಹೆಚ್ಚಿಗಿ ತಿಂದ್ರು. ನಮಗ ವರ್ಷದ ಖಾರ ನೀನ ಕುಟ್ಟಿ ಕೊಡು."

ವಕೀಲರು ಸಿಗಲಿಲ್ಲ, ಗಿರಾಕಿ ಸಿಕ್ಕರು. ಕೀಲಿ ಮಾತ್ರ ಅಲ್ಲಿದೆ.

ಫೆಬ್ರವರಿ 4, ಮಂಗಳವಾರ

ರಾಣೇಬೆನ್ನೂರು. ಇಲ್ಲಿ ಮಾವನ ವಾಕಿಂಗ್ ಗೆಳೆಯರು ಇರಲಾರರು. ಸುನೀಲಕುಮಾರ ವಕೀಲರ ಆಫೀಸಿನಲ್ಲಿ ಏಸಿ ಇದೆ, ತಿರುಗುವ ಕುರ್ಚಿ ಇದೆ. ಅವರೂ ಅದರಲ್ಲಿ ತಿರುಗುತ್ತಲೇ ಮಾತಾಡುತ್ತಾರೆ. ನನ್ನ ಕಡೆ ಮುಖ ಬಂದಾಗ ನಾನು ಹೇಳಬೇಕು.

"ಹೊಡೀತಾನೇನ್ರಿ?"

"ಇಲ್ರಿ."

"ಕುಡೀತಾನೇನು?"

"ಚಹಾ ಕುಡೀತಾರ್ರಿ. ಭಾಳ."

"ಹಂಗಂದ್ರ ನಡಿಯೂದಿಲ್ಲ. ಹೊಡದಾನ, ವರದಕ್ಷಿಣಿ ಕೇಳ್ಯಾನ, ಅತ್ತಿ ಮಾವ ಸೀಮಿಎಣ್ಣಿ ಸುರಿಯಾಕ ಬಂದಿದ್ರು ಅಂತ ಬರಿಯೂಣು. ಎಲ್ಲಾರೂ ಒಳಗ ಹೋಗ್ತಾರ."

ಸೀಮೆಎಣ್ಣೆ ಸಿಗದೆ ಎಷ್ಟೋ ವರ್ಷಗಳಾದವು, ಅತ್ತೆ ಎಲ್ಲಿಂದ ತರಬೇಕು? ನಮ್ಮವರಿಗೆ ಇಲಿ ಹೊಡೆಯಲೂ ಕೈ ಬರುವುದಿಲ್ಲ. ಇಲಿಯನ್ನು ಚೀಲದಲ್ಲಿ ಹಿಡಿದು ಬೈಕ್ ಮೇಲೆ ಊರ ಹೊರಗೆ ಬಿಟ್ಟು ಬರುವವರು. ಸುಳ್ಳು ಬರೆಯುವುದು ಬೇಡ, ಗಿರಣಿ ಮಾತ್ರ ನನಗೆ ಉಳಿಯಬೇಕು ಎಂದೆ.

ಕುರ್ಚಿ ನಿಂತಿತು. "ನಿಮ್ಮಾಗ ಹೆಣ್ಮಗಳು ಬಿಡಬೇಕಂದ್ರ ಖುಲಾ ಅಂತ ಇರತೈತಿ. ಖುಲಾ ಅಂದ್ರ ಎಲ್ಲಾ ಬಿಟ್ಟು ಕೈ ಝಾಡಿಸಿಕೊಂಡು ಬರೂದು. ಗಿರಣಿ ಆಶಾ ಬಿಡ್ರಿ."

ಖಾರದ ಪೊಟ್ಟಣ ಕೊಟ್ಟು ಬಂದೆ. ಹೊತ್ತುಕೊಂಡು ಹೋಗಿದ್ದೆ, ವಾಪಸ್ಸು ತರುವುದು ಚೆಂದವಲ್ಲ. ಬರುವಾಗ ಕೋರ್ಟಿನ ಕಂಪೌಂಡ್ ಗೋಡೆಯ ಮೇಲೆ ಬರೆದದ್ದು ಕಂಡಿತು: ಮಹಿಳೆಯರಿಗೆ ಉಚಿತ ಕಾನೂನು ನೆರವು. ಬಡವರಿಗೆ ಇರಬೇಕು. ನನಗೆ ಗಿರಣಿ ಇದೆಯಲ್ಲ. ಇದೆಯೋ ಇಲ್ಲವೋ ಎಂಬುದೇ ಈಗ ಪ್ರಶ್ನೆ.

ಫೆಬ್ರವರಿ 7, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಅವರು ಮತ್ತೆ ಬಂದಿಲ್ಲ. ಜಿಲೇಬಿ ಮುಗಿದಿದೆ.

ಅವರ ನಗು ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಪ್ರೀತಿ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಹದಿನೈದು ದಿನದಿಂದ ಕನ್ನಡವೊಂದೇ ನಡೆದಿದೆ. ಅಳು ಬಂತು. ಅಮ್ಮ ನೋಡಿಯೂ ನೋಡದಂತೆ ರೊಟ್ಟಿ ಬಡಿದಳು.

ಫೆಬ್ರವರಿ 13, ಗುರುವಾರ

ಹಾವೇರಿ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವೆಯ ಆಫೀಸನ್ನು ಕೇಳಿಕೊಂಡು ಹೋದೆ. ನನಗೆ ಗಿರಣಿ ಇದೆ, ಆದರೂ ಕೊಡುತ್ತೀರಾ ಎಂದು ಮೊದಲೇ ಕೇಳಿಬಿಟ್ಟೆ. ಗುಮಾಸ್ತರು ನಕ್ಕರು. "ಹೆಣ್ಮಗಳು ಹೌದಲ್ರಿ? ಮುಗೀತು. ಹೆಣ್ಮಕ್ಕಳಿಗೆ ಆದಾಯ ಕೇಳೂದಿಲ್ಲ." ಅರ್ಜಿ ಬರೆಸಿಕೊಂಡು ಒಬ್ಬ ವಕೀಲರನ್ನು ಗೊತ್ತುಮಾಡಿದರು. ಸ್ನೇಹಾ ಎಂದು ಹೆಸರು. ನನಗಿಂತ ಚಿಕ್ಕವಳು. ಕೋಟಿನ ಮೇಲೆ ಅಂಗಡಿಯ ಮಡಿಕೆ ಇನ್ನೂ ಹಾಗೇ ಇತ್ತು. ಹೊನ್ನವ್ವನ ಕಾನೂನಿನ ಪ್ರಕಾರ ನನ್ನ ಕೇಸು ಸೋತಂತೆಯೇ.

ಆದರೆ ಈ ಹುಡುಗಿ ಕಣ್ಣು ಮುಚ್ಚಲಿಲ್ಲ, ಕುರ್ಚಿ ತಿರುಗಿಸಲಿಲ್ಲ. ಎಲ್ಲಾ ಕೇಳಿ ಒಂದು ಸಣ್ಣ ಪುಸ್ತಕ ತೆಗೆದಳು.

"ಮದುವ್ಯಾಗ ತವರಿನವ್ರು ಕೊಟ್ಟದ್ದು ನಿಮ್ದ ರೀ. ಖುಲಾದಾಗ ಗಂಡ ಕೊಡಬೇಕಾದ ಮೆಹರ್ ದುಡ್ಡು ಬಿಡ್ತೇನಂತ ನೀವ ಒಪ್ಪಿಕೊಂಡ್ರ ಬಿಡಬಹುದು. ಗಿರಣಿ ಬಿಡಬೇಕಂತ ಎಲ್ಲೂ ಇಲ್ಲ. ಇಬ್ರೂ ಒಪ್ಪಿ ಬ್ಯಾರೆ ಆಗೂದಕ್ಕ ಮುಬಾರತ್ ಅಂತಾರ. ಅವ್ರು ಒಪ್ಪಲಿಲ್ಲ ಅಂದ್ರ ಕೋರ್ಟ್ ಐತಿ. ಇಲ್ನೋಡ್ರಿ, 1939ನೇ ಇಸ್ವಿ ಕಾಯ್ದೆ. ಗಂಡ ಹೊಡದ್ರ ಅಷ್ಟ ಕ್ರೌರ್ಯ ಅಲ್ಲ. ಹೆಂಡ್ತಿ ಆಸ್ತಿ ಬ್ಯಾರೆಯವ್ರಿಗೆ ಕೊಟ್ರ, ಅದರ ಮ್ಯಾಲಿನ ಆಕಿ ಹಕ್ಕಿಗೆ ಅಡ್ಡ ಬಂದ್ರ, ಅದೂ ಕ್ರೌರ್ಯ ಅಂತ ಬರದೈತಿ."

ನಾನು ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದೆ. ಅಬ್ಬಾ ಹುಟ್ಟುವುದಕ್ಕೂ ಮೊದಲೇ ಯಾರೋ ನನ್ನ ಗಿರಣಿಯ ಬಗ್ಗೆ ಯೋಚನೆ ಮಾಡಿ ಬರೆದಿಟ್ಟಿದ್ದಾರೆ! ನನಗೆ ಅವರ ಮನೆಗೂ ಒಂದು ಪೊಟ್ಟಣ ಖಾರ ಕಳಿಸಬೇಕೆನಿಸಿತು.

"ಈಗ ಗಿರಣಿ ಕೀಲಿ ಯಾರ ಹತ್ರ ಐತ್ರಿ?" ಸ್ನೇಹಾ ಕೇಳಿದಳು.

"ಅವರ ಹತ್ರ. ಸಿಟ್ಟು ಬಂದಿತ್ತು, ಒಗದು ಬಂದೆ."

"ಸಿಟ್ಟು ಬಂದ್ರ ನಿಮ್ಮ ಗಿರಣಿ ಕೀಲಿ ನೀವ ಯಾಕ ಕೊಟ್ರಿ? ನಿಮ್ಮ ಮನಿ ಬಿಟ್ಟು ನೀವ ಯಾಕ ಬಂದ್ರಿ?"

ಸಿಟ್ಟು ಬಂದ ಹೆಣ್ಣು ತವರಿಗೆ ಹೋಗುತ್ತಾಳೆ, ಅಷ್ಟೇ. ಅಮ್ಮ ಹೋಗಿದ್ದಳು, ಅಜ್ಜಿ ಹೋಗಿದ್ದಳು. ತನ್ನ ಜಾಗದಲ್ಲೇ ಕೂತು ಸಿಟ್ಟು ಮಾಡಿದವರನ್ನು ನಾನು ಒಬ್ಬರನ್ನೂ ಕಂಡಿಲ್ಲ.

"ಕೇಸು ನಡೆದಾಗೂ ಆ ಮನ್ಯಾಗ ಇರಾಕ ನಿಮಗ ಹಕ್ಕೈತಿ" ಎಂದಳು. "ಹೊರಗ ಹಾಕಿದ್ರ ನನಗ ಫೋನ್ ಮಾಡ್ರಿ. ಮೊದಲ ಹೋಗಿ ಕೀಲಿ ಇಸಗೋರಿ."

ಪೊಟ್ಟಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಪಕ್ಕದ ಗುಮಾಸ್ತರು ವಾಸನೆ ನೋಡಿ, ದುಡ್ಡು ಕೊಟ್ಟು ತಮಗೆಂದು ಕೊಂಡರು.

ಫೆಬ್ರವರಿ 17, ಸೋಮವಾರ. ಬ್ಯಾಡಗಿ

ಬಂದೆ. ಸೊಸೆ ಸಿಟ್ಟಿಳಿದು ಬಂದಳೆಂದು ಮನೆಯಲ್ಲಿ ಹಬ್ಬವೋ ಹಬ್ಬ. ಅತ್ತೆ ರಹಿಮತಬಿ ನನ್ನ ಎರಡೂ ಕೆನ್ನೆ ಹಿಡಿದು ಲಟಿಕೆ ಮುರಿದರು. ಬಿರಿಯಾನಿ ಆಯಿತು, ಶೀರಾ ಆಯಿತು. ನಮ್ಮವರು ಮಧ್ಯಾಹ್ನವೇ ಮಾರ್ಕೆಟ್ಟಿನಿಂದ ಓಡಿ ಬಂದರು, ಮುಖವೆಲ್ಲ ನಗು. ಇಷ್ಟು ಸಂತೋಷದ ನಡುವೆ ವಿಷಯ ಎತ್ತುವುದು ಹೇಗೆ? ಮೊದಲು ಬಿರಿಯಾನಿ ತಿಂದೆ. ಅತ್ತೆಯ ಬಿರಿಯಾನಿಯ ಮುಂದೆ ಕಾನೂನು ಸ್ವಲ್ಪ ಹೊತ್ತು ಕಾಯಬಹುದು.

ಕೈ ತೊಳೆದು ಹೇಳಿದೆ. "ನಾ ರಾಜಿಗೆ ಬಂದಿಲ್ಲ. ಇದು ನಾ ಇರೂ ಮನಿ, ಅದಕ್ಕ ಬಂದೇನಿ. ವಕೀಲರ್ನ ಹಿಡದೇನಿ, ಡೈವೋರ್ಸಿನ ನೋಟೀಸ್ ಬರತೈತಿ. ಈಗ ಗಿರಣಿ ಕೀಲಿ ಕೊಡ್ರಿ."

ಮಾವನ ಕೈಯ ಶೀರಾ ಬಾಯಿಗೆ ಹೋಗದೆ ನಿಂತಿತು. ಅಯಾಜ್ ಸೀನಿದ. ಅತ್ತೆ ಮಾತ್ರ, "ಡೈವೋರ್ಸ್ ಕೊಡಾಕಿ ಗಂಡನ ಮನ್ಯಾಗ ಇರತಾಳೇನು?" ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದರು.

"ಇರಬಹುದಂತ ಅಮ್ಮಿ. ಕಾನೂನು ಐತಿ."

"ಹಂಗಾರ ನಾಳಿ ಅಡಗಿ ಯಾರು ಮಾಡೂದು?"

ಅದು ಯಾವ ಕಾಯ್ದೆಯಲ್ಲಿದೆಯೋ ಸ್ನೇಹಾಳನ್ನು ಕೇಳಬೇಕು. ನಮ್ಮವರು ಕೀಲಿ ಕೊಟ್ಟರು.

ಫೆಬ್ರವರಿ 22, ಶನಿವಾರ

ಗಿರಣಿ ಶುರುವಾಗಿದೆ. ಹೊನ್ನವ್ವ ಮೊದಲ ದಿನವೇ ಬಂದು, "ಕೋರ್ಟ್‌ನ್ಯಾಗ ಅತ್ರೇನು?" ಎಂದು ಕೇಳಿದಳು. ಇಲ್ಲ ಎಂದಾಗ ಅವಳಿಗೆ ಬೇಸರವಾಯಿತು. ರುದ್ರಮುನಿ ವಕೀಲರ ಮನೆಯ ಖಾರ ಕುಟ್ಟಿ ಕಳಿಸಿದೆ. ಸುನೀಲಕುಮಾರ ವಕೀಲರ ತಾಯಿಯೂ ಫೋನ್ ಮಾಡಿದ್ದಾರೆ. ಹಾವೇರಿ ಕೋರ್ಟಿನ ಗುಮಾಸ್ತರು ತಮಗೂ ತಮ್ಮ ಷಡ್ಡಕನಿಗೂ ಹೇಳಿದ್ದಾರೆ.

ನೋಟೀಸು ರಿಜಿಸ್ಟರ್ ಪೋಸ್ಟಿನಲ್ಲಿ ಬಂತು. ನಮ್ಮವರು ಮನೆಯಲ್ಲಿರಲಿಲ್ಲ. ನಾನೇ ಸಹಿ ಹಾಕಿ ಇಸಿದುಕೊಂಡು, ಸಂಜೆ ಅವರ ಚಹಾದ ಪಕ್ಕ ಇಟ್ಟೆ. ಬೋರ್ಡು ತೆಗೆಯಬೇಕು, ಗಿರಣಿಯ ತಂಟೆಗೆ ಬರಬಾರದು, ಇಲ್ಲವಾದರೆ ಡೈವೋರ್ಸ್ ಕೇಸು ಎಂದು ಬರೆದಿತ್ತು. ಅವರು ಪೂರ್ತಿ ಓದಿದರು. ಆಮೇಲೆ ಕೇಳಿದರು, "ಚಹಾಕ್ಕ ಸಕ್ರಿ ಹಾಕಿಲ್ಲೇನು?"

ಅಷ್ಟೇನೂ ಹೆದರಿದಂತೆ ಕಾಣಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಬೋರ್ಡಿನ ಮೇಲೆ ಗೋಣಿಚೀಲ ಮುಚ್ಚಿತ್ತು.

ಒಂದೇ ಉಸಿರಿಗೆ ಮೂರು ಸಲ ತಲಾಖ್ ಅಂದರೆ ಈಗ ಸಂಬಂಧವೂ ಮುರಿಯುವುದಿಲ್ಲ, ಮೇಲೆ ಜೈಲು ಎಂದು ಮಾವ ಎಲ್ಲೋ ಕೇಳಿಕೊಂಡು ಬಂದು ಮಗನಿಗೆ ಹೇಳಿದ್ದಾರೆ. ಅಂದಿನಿಂದ ನಮ್ಮವರು ಚಹಾವನ್ನು ಕೂಡ ಎರಡೇ ಸಲ ಕೇಳುತ್ತಾರೆ.

ಮಾರ್ಚ್ 2, ಭಾನುವಾರ

ಮೊದಲ ರೋಜಾ. ಉಪವಾಸ ಇದ್ದಾಗ ಜಗಳ ಆಡಬಾರದು. ಅತ್ತೆ ಇಡೀ ಮನೆಗೆ ಕದನವಿರಾಮ ಸಾರಿದ್ದಾರೆ. "ರಂಜಾನ್ ಮುಗಿಯೂತನಾ ಡೈವೋರ್ಸ್ ಮಾತು ಬ್ಯಾಡ, ಈದ್ ಆದಮ್ಯಾಲೆ ಎಷ್ಟ ಬೇಕು ಅಷ್ಟ ಬಡದಾಡ್ರಿ."

ನಾನೂ ಅತ್ತೆಯೂ ಒಂದು ಕೋಣೆಯಲ್ಲಿ ಮಲಗುತ್ತೇವೆ. ನಮ್ಮವರು ಹೊರಗೆ ಪಡಸಾಲೆಯಲ್ಲಿ. ಇಫ್ತಾರಿಗೆ ನಾನು ಖರ್ಜೂರ ಹಂಚುವಾಗ ಅವರಿಗೆ ಒಂದು ಕಡಿಮೆ ಕೊಡುತ್ತಿದ್ದೆ. ಅತ್ತೆ ನೋಡಿ, ಇದು ಕದನವಿರಾಮದ ಉಲ್ಲಂಘನೆ ಎಂದರು. ಸರಿ ಮಾಡಿದೆ.

ಮಾರ್ಚ್ 20, ಗುರುವಾರ

ಇವತ್ತು ನಮ್ಮವರು ಗಿರಣಿಗೆ ಬಂದು, ಕೇಳದೆಯೇ ಚೀಲ ಎತ್ತಿ ಕೊಟ್ಟರು. ಬೆಲ್ಟಿಗೆ ಗ್ರೀಸ್ ಹಚ್ಚಲು ಹೋದರು, ಬೆಲ್ಟಿಗೆ ಯಾರೂ ಗ್ರೀಸ್ ಹಚ್ಚುವುದಿಲ್ಲ ಎಂದು ಬೈದೆ. ಇಬ್ಬರೂ ನಕ್ಕೆವು. ಉರ್ದುವಿನಲ್ಲಿ.

ಬೋರ್ಡು ಗೋಣಿಚೀಲದ ಕೆಳಗೇ ಇದೆ. ತಾವಾಗಿ ಅದನ್ನು ಇಳಿಸಿದರೆ ಸ್ನೇಹಾಳಿಗೆ ಫೋನ್ ಮಾಡಿ ಸಾಕು ಎಂದುಬಿಡುತ್ತೇನೆ. ನಾನಾಗಿ ಹೇಳುವುದಿಲ್ಲ. ಒಂದು ಸಲವಾದರೂ ಅವರಿಗೇ ಹೊಳೆಯಲಿ.

ಮಾರ್ಚ್ 31, ಸೋಮವಾರ. ಈದ್

ಅಯಾಜನ ಬೀಗರು ರಾಣೇಬೆನ್ನೂರಿನಿಂದ ಹಬ್ಬಕ್ಕೆ ಬಂದಿದ್ದರು. ಶೀರ್ ಖುರ್ಮಾ ಕುಡಿದ ಮೇಲೆ ಗಿರಣಿ ನೋಡಬೇಕೆಂದರು. ನನ್ನನ್ನೂ ಕರೆದರು, ಹೋದೆ. ಬೋರ್ಡಿನ ಮೇಲೆ ಗೋಣಿಚೀಲ ಇರಲಿಲ್ಲ. "ಅಯಾಜ್ ಖಾರದ ಗಿರಣಿ", ಎರಡು ಮೆಣಸಿನಕಾಯಿ, ಬಿಸಿಲಿಗೆ ಮಿರಮಿರ ಮಿಂಚುತ್ತಿದ್ದವು.

ಹುಡುಗಿಯ ತಂದೆ ನನ್ನನ್ನು ನೋಡಿ, "ಇವರೂ ಇಲ್ಲೇ ಇರತಾರೇನು?" ಎಂದರು.

ನನ್ನ ಗಂಡ ಸರ್ಫರಾಜ ನಗುನಗುತ್ತ ಹೇಳಿದ, "ಹೌದ್ರಿ. ಅಯಾಜನ ಗಿರಣ್ಯಾಗ ಕೆಲಸಾ ಇವ್ಳ ನೋಡಕೊಂತಾಳ. ಭಾಳ ನಂಬಿಗಸ್ತ ಅದಾಳ."

ಹೊಸ ಬಟ್ಟೆ ತೊಟ್ಟಿದ್ದೆ. ಎಲ್ಲರೂ ನನ್ನನ್ನು ನೋಡಿ ಮೆಚ್ಚಿ ತಲೆಯಾಡಿಸಿದರು. ನಾನೂ ಆಡಿಸಿದೆ. ಅಬ್ಬಾ ಇಂಜಿನ್ ಕೂರಿಸಿದ ದಿನ, ಮೊದಲ ಹಿಡಿ ಖಾರವನ್ನು ನನ್ನ ಅಂಗೈಗೆ ಹಾಕಿ, ಇಬ್ಬರೂ ಸೀನಿ ಸೀನಿ ನಕ್ಕದ್ದು ನೆನಪಾಯಿತು. ನನಗೆ ಬಹಳ ನೋವಾಯಿತು. ಇಷ್ಟು ನೋವು ಸಿಟ್ಟಿನಲ್ಲಿ ಯಾವತ್ತೂ ಆಗಿರಲಿಲ್ಲ.

ಏಪ್ರಿಲ್ 1, ಮಂಗಳವಾರ

ಸ್ನೇಹಾಳಿಗೆ ಫೋನ್ ಮಾಡಿದೆ. "ಇನ್ನ ಖರೇನ ಮಾಡ್ರಿ" ಎಂದೆ. "ಇಷ್ಟು ದಿನ ಏನು ಮಾಡಾಕತ್ತಿದ್ವಿ?" ಎಂದಳು. ಬರೀ ಹೆದರಿಸುತ್ತಿದ್ದೆ ಎಂದು ಹೇಳಲು ನಾಚಿಕೆಯಾಯಿತು.

ಏಪ್ರಿಲ್ 24, ಗುರುವಾರ

ಹಾವೇರಿ ಕೋರ್ಟಿನ ಮಧ್ಯಸ್ಥಿಕೆ ಕೋಣೆ. ಒಂದು ಮೇಜು, ನಾಲ್ಕು ಕುರ್ಚಿ, ನಡುವೆ ನೀರಿನ ಜಗ್ಗು. ನಾನು, ಸ್ನೇಹಾ, ಸರ್ಫರಾಜ, ಮಧ್ಯಸ್ಥಿಕೆ ಮಾಡುವ ಹಿರಿಯರು. ಗಿರಣಿ ಅಯಾಜನದ್ದು ಎಂದು ಇಲ್ಲೂ ಹೇಳಿಬಿಟ್ಟರೆ ಎಂಬ ಭಯದಲ್ಲಿ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ.

ಅದನ್ನೇನೂ ಹೇಳಲಿಲ್ಲ. ಅವನ ಪ್ರಶ್ನೆಯೇ ಬೇರೆ ಇತ್ತು. "ನಾ ಏನು ತಪ್ಪು ಮಾಡೇನಿ ಸರ್? ಒಂದಿನಾ ಹೊಡದೇನೇನು? ಕುಡದೇನೇನು? ಆಕಿನ್ನ ಕೇಳ್ರಿ."

ಹಿರಿಯರು ನನ್ನ ಕಡೆ ನೋಡಿದರು.

"ಇಲ್ರಿ" ಎಂದೆ. "ಹೊಡದಿಲ್ಲ, ಕುಡದಿಲ್ಲ. ಕೇಳಿಲ್ಲ. ಮಂಚ ಕೊಟ್ಟಾಗ ಕೇಳಿಲ್ಲ, ಮಷೀನ್ ಕೊಟ್ಟಾಗ ಕೇಳಿಲ್ಲ. ಗಿರಣಿ ಕೊಟ್ಟಾಗೂ ಕೇಳಿಲ್ಲ."

ಸರ್ಫರಾಜ ನೀರಿನ ಜಗ್ಗನ್ನು ನನ್ನ ಕಡೆ ಸರಿಸಿದ. ಆಮೇಲೆ ಮೆಲ್ಲಗೆ, "ಕೇಳಿದ್ರ ಕೊಡ್ತಿದ್ದೇನು?" ಎಂದ.

"ಮಂಚ, ಮಷೀನು ಕೊಡ್ತಿದ್ದೆ. ಗಿರಣಿ ಕೊಡ್ತಿರಲಿಲ್ಲ. ಅದಕ್ಕ ನೀವು ಕೇಳಲಿಲ್ಲ."

ಅವನು ಇಲ್ಲ ಎನ್ನಲಿಲ್ಲ. ಅವನಲ್ಲಿ ಇದೊಂದು ಒಳ್ಳೆಯ ಗುಣ, ಸಿಕ್ಕಿಬಿದ್ದ ಮೇಲೆ ಸುಳ್ಳು ಹೇಳುವುದಿಲ್ಲ. ಮುಬಾರತ್‌ಗೆ ಒಪ್ಪಿದ. ಗಿರಣಿ ನನ್ನದು, ಬೋರ್ಡು ಇಳಿಯಬೇಕು. ಮೆಹರ್ ಕೊಡಬೇಕು, ಇದ್ದತ್ತಿನ ಮೂರು ತಿಂಗಳು ಮುಗಿಯುವ ತನಕ ಖರ್ಚು ನೋಡಬೇಕು. ಎಲ್ಲವನ್ನೂ ಸ್ನೇಹಾ ಬರೆಸಿದಳು. ಇಬ್ಬರೂ ಸಹಿ ಹಾಕಿದೆವು. ಇನ್ನು ಕೋರ್ಟಿನ ಮುದ್ರೆ ಬೀಳುವುದು ಉಳಿದಿದೆ.

ಹೊರಗೆ ಬಂದರೆ ಬ್ಯಾಡಗಿಗೆ ಇದ್ದದ್ದು ಒಂದೇ ಬಸ್ಸು. ಸರ್ಫರಾಜ ಸ್ಟ್ಯಾಂಡಿನಲ್ಲಿ ಜಿಲೇಬಿ ಕಟ್ಟಿಸಿದ್ದ. ಅಭ್ಯಾಸಬಲ. ಕಟ್ಟಿಸಿದ ಮೇಲೆ ಯಾರಿಗೆ ಕೊಡಬೇಕೆಂದು ತಿಳಿಯದೆ ಪೊಟ್ಟಣ ಹಿಡಿದು ನಿಂತಿದ್ದ. ನಾನೇ ಬಿಚ್ಚಿದೆ, ಇಬ್ಬರೂ ತಿಂದೆವು. ಬಸ್ಸಿನಲ್ಲಿ ಮೆಣಸಿನಕಾಯಿ ಚೀಲಗಳಿದ್ದವು, ಎಲ್ಲರ ಕಣ್ಣಲ್ಲೂ ನೀರು. ನಾನು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಸರ್ಫರಾಜನೂ ಬಹಳ ಕಣ್ಣು ಒರೆಸಿಕೊಳ್ಳುತ್ತಿದ್ದ.

ಮೇ 12, ಸೋಮವಾರ

ಗಿರಣಿಯ ಹಿಂದಿನ ಕೋಣೆಗೆ ಬಂದು ಹದಿನೈದು ದಿನವಾಯಿತು. ಇದ್ದತ್ ಮುಗಿಯುವ ತನಕ ಮನೆ ಬಿಟ್ಟು ಹೊರಗೆ ಹೋಗಬೇಡ ಎಂದು ಅಮ್ಮ ಹೇಳಿ ಕಳಿಸಿದ್ದಾಳೆ. ಮನೆಯೇ ಗಿರಣಿಯಾದ ಮೇಲೆ ಹೊರಗೆ ಎಲ್ಲಿ ಹೋಗಲಿ? ಬೋರ್ಡು ಬರೆಯುವವನು ಹಳೆಯ ಹಲಗೆಯಲ್ಲೇ ಹೆಸರು ಕೆರೆದು "ದಿಲನಾಜ ಖಾರದ ಗಿರಣಿ" ಎಂದು ಬರೆದುಕೊಟ್ಟ. ಮೆಣಸಿನಕಾಯಿ ಅವೇ ಎರಡು. ಚೆನ್ನಾಗಿದ್ದವು, ಬಿಟ್ಟೆ. ಅಯಾಜ್ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ತಣ್ಣಗಿರುತ್ತದಂತೆ, ಸೀನು ನಿಂತಿದೆಯಂತೆ. ಹುಡುಗಿಯ ಕಡೆಯವರು ಸಿಟ್ಟಾಗಿ, ಆಮೇಲೆ ಒಪ್ಪಿದರಂತೆ.

ವರ್ಷದ ಖಾರ ಕುಟ್ಟಿಸುವ ಕಾಲ, ಬಾಗಿಲ ತನಕ ಪಾಳಿ. ಮಧ್ಯಾಹ್ನ ತಲೆ ಎತ್ತಿ ನೋಡಿದರೆ ಪಾಳಿಯಲ್ಲಿ ಅತ್ತೆ, ರಹಿಮತಬಿ. ಬುರ್ಖಾದ ಮೇಲೆ ಮೆಣಸಿನಕಾಯಿ ಚೀಲ ಒರಗಿಸಿಕೊಂಡು, ಎಲ್ಲರ ಹಾಗೆ ನಿಂತಿದ್ದರು. ಮುಂದೆ ಬರ್ರಿ ಎಂದು ಕರೆದೆ. ಬರಲಿಲ್ಲ. ತಮ್ಮ ಪಾಳಿ ಬಂದಾಗಲೇ ಬಂದರು.

ಮೆಣಸಿನಕಾಯಿ ಸುರಿದೆ. ಗಿರಣಿ ಗುಡುಗುಡು ಎಂದಿತು. ಅದರ ಸದ್ದಿನಲ್ಲಿ ಯಾರಿಗೂ ಕೇಳದಂತೆ ಅವರು ನನ್ನ ಕಿವಿಗೆ ಬಾಯಿ ತಂದರು.

"ಬೇಟಾ, ನಿಮ್ಮ ಮಾವ ನನ್ನ ಮೆಹರ್ ಇನ್ನೂ ಕೊಟ್ಟಿಲ್ಲ."

"ಯಾವಾಗಿಂದ?"

"ಮದುವಿ ಆದಾಗಿಂದ. ಕೇಳಿದಾಗೊಮ್ಮೆ ಮನ್ಯಾಗಿಂದು ಮನ್ಯಾಗ ಅಂತಾರ." ಸುತ್ತ ನೋಡಿದರು. "ಆ ವಕೀಲರ ಹುಡುಗಿ ನಂಬರ್ ಕೊಡು. ಒಂದು ನೋಟೀಸ್ ಹೋಗ್ಲಿ. ಡೈವೋರ್ಸ್ ಗೀವೋರ್ಸ್ ಏನೂ ಬ್ಯಾಡ. ಹೆದರಿದ್ರ ಸಾಕು."

"ನಾನೂ ಅಷ್ಟಕ್ಕ ಹೋಗಿದ್ದೆ ಅಮ್ಮಿ" ಎಂದೆ.

ಅವರು ಮೇಲಿನ ಬೋರ್ಡು ನೋಡಿದರು. ಒಳಗಿನ ಗಿರಣಿ ನೋಡಿದರು. ನನ್ನ ಕೆಂಪಾದ ಕೈ ನೋಡಿದರು.

"ಇರ್ಲಿ" ಎಂದರು. "ನಂಬರ್ ಕೊಡು."